ಗೋಣಿಸೊಪ್ಪು ಬೇಯಿಸಿದ ನೀರು

ಹೂವಿನ ಗಿಡ ಕೊಳ್ಳಲು ಬರುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತಾರು ವರ್ಷದಿಂದ ಅದೇ ನರ್ಸರಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕುಂಡಗಳ ಕಳೆ ಕೀಳುತ್ತಿದ್ದವಳು. ಹಾಗೆ ಕೂತವರಿಗೆ ಗಿರಾಕಿಗಳ ಮುಖಕ್ಕಿಂತ ಕಾಲೇ ಹೆಚ್ಚು ಕಾಣುವುದು. ಪಾಲಿಶ್ ಹಾಕಿದ ಒಂದು ಜೊತೆ ಬೂಟು ಬಂದು ನಿಲ್ಲುತ್ತದೆ. ತಿನ್ನಲು ಬಾರದ, ಮೂಸಿದರೆ ವಾಸನೆಯೂ ಇಲ್ಲದ ಯಾವುದೋ ಹೂವಿನ ಮುಂದೆ ‘ಆಹಾ’ ಎನ್ನುತ್ತದೆ. ಅದೇ ಕುಂಡದ ಅಂಚಿನಲ್ಲಿ ಕೆಂಪು ದಂಟಿನ, ಪುಟ್ಟ ದಪ್ಪ ಎಲೆಯ ಗೋಣಿಸೊಪ್ಪು ಹರಡಿಕೊಂಡಿದ್ದನ್ನು ಕಂಡು, ‘ಈ ಕಸ ಕಿತ್ತುಕೊಡಿ’ ಎನ್ನುತ್ತದೆ. ಅವಳು ಕೀಳುತ್ತಿದ್ದಳು, ಕಿತ್ತದ್ದನ್ನು ಮಣ್ಣು ಕೊಡವಿ ತನ್ನ ಬಟ್ಟೆಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಊಟ ಇಲ್ಲೇ ಬಿಟ್ಟು ತಟ್ಟೆ ಹೊತ್ಕೊಂಡು ಹೋಗೋ ಜನ" ಎಂದು ಗೊಣಗುತ್ತಿದ್ದಳು, ಬೂಟಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ. ಮೇಲ್ವಿಚಾರಕ ಎರಡು ಸಲ ಕರೆದು ಬುದ್ಧಿ ಹೇಳಿದ್ದ. ಮೂರನೇ ಸಲ ಅವನಿಗೇ ಬಾಯಿಹುಣ್ಣಾಗಿ, ಅವಳು ಕೊಟ್ಟ ಸೊಪ್ಪನ್ನು ಮೂರು ದಿನ ಅಗಿದು ವಾಸಿಯಾದ ಮೇಲೆ ಸುಮ್ಮನಾದ.

ಅವಳಿದ್ದ ಓಣಿಯಲ್ಲಿ ಅವಳನ್ನು ‘ಸೊಪ್ಪಿನ ಡಾಕ್ಟರಮ್ಮ’ ಎನ್ನುತ್ತಿದ್ದರು. ಕರೆಯುವಾಗ ಅರ್ಧ ಜನ ನಗು ಅಡಗಿಸಿಕೊಳ್ಳುತ್ತಿದ್ದರು. ಅವಳಿಗೆ ಅದು ತಿಳಿಯದ್ದೇನಲ್ಲ. ಆದರೆ ನಗುವವರೇ ಹೊಟ್ಟೆ ಕಟ್ಟಿಕೊಂಡಾಗ, ಅಂಗಾಲು ಉರಿದಾಗ, ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರುತ್ತಾರೆಂಬುದೂ ಗೊತ್ತಿತ್ತು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಮೊದಲು ಅವರ ಊಟತಿಂಡಿಗೆ ಮಂಗಳಾರತಿ ಎತ್ತಿ, ಆಮೇಲೆ ಸೊಪ್ಪು ಕೊಡುತ್ತಿದ್ದಳು. ಸೊಪ್ಪು ಸುಮ್ಮನೆ ಸಿಗುತ್ತಿತ್ತು, ಮಂಗಳಾರತಿಯನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಆ ಸೊಪ್ಪಿನ ವಿಷಯದಲ್ಲಿ ಅವಳಿಗೆ ಗೊತ್ತಿದ್ದದ್ದು ಕಡಿಮೆಯೇನಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಬೆಳಗ್ಗೆ ಕಿತ್ತರೆ ಹುಳಿ ಜಾಸ್ತಿ, ಸಂಜೆ ಕಿತ್ತರೆ ಕಡಿಮೆ ಎಂದು ಬಲ್ಲಳು. ಔಷಧಿ ಹೊಡೆದ ಪಾತಿಯ ಗೋಣಿಸೊಪ್ಪು ನಾಲ್ಕು ದಿನ ಏನೂ ಆಗದ ಹಾಗೆ ಮಿರಮಿರ ಮಿಂಚುತ್ತ ಕೂತಿರುತ್ತದೆ, ಅದನ್ನು ನಂಬಬಾರದು ಎಂದು ಬಲ್ಲಳು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಹಾಗೆಯೇ ನೆಲಕ್ಕಂಟಿ ಹಬ್ಬುವ ಇನ್ನೊಂದು ಕಳೆಯನ್ನು ಬಲ್ಲಳು. ದಂಟು ಮುರಿದಾಗ ನೀರು ಜಿನುಗಿದರೆ ಊಟ. ಹಾಲು ಜಿನುಗಿದರೆ ಕೈತೊಳೆದುಕೊಂಡು ಎದ್ದುಬಿಡಬೇಕು.

ಇದನ್ನೇ ಕಲಿತುಕೊಂಡೆನೆಂದು ಓಣಿಯ ನಿವೃತ್ತ ಹೆಡ್‌ಮಾಸ್ತರು ಒಂದು ದಿನ ತಾವೇ ಒಂದು ಚೀಲ ಕಿತ್ತು ತಂದು, ಹೆಮ್ಮೆಯಿಂದ ಅವಳ ಮುಂದೆ ಸುರಿದಿದ್ದರು. ಅವಳು ಒಂದು ದಂಟೆತ್ತಿ ಅವರ ಮೂಗಿನ ಕೆಳಗೇ ಲಟಕ್ಕನೆ ಮುರಿದಳು. ಬಿಳಿ ಹನಿಯೊಂದು ಉಬ್ಬಿ ಬಂತು.

"ಇಷ್ಟು ವರ್ಷ ಮಕ್ಕಳಿಗೆ ಏನ್ ಕಲಿಸಿದ್ರೋ, ಪಾಪ" ಎಂದಳು. "ಹೋಗಲಿ ಬಿಡಿ, ಮನೆಯವರಿಗೆಲ್ಲ ಒಟ್ಟಿಗೇ ಭೇದಿ ಆಗ್ತಿತ್ತು, ಒಗ್ಗಟ್ಟಾದ್ರೂ ಬರ್ತಿತ್ತು."

ಮಾಸ್ತರು ಚೀಲ ಅಲ್ಲೇ ಬಿಟ್ಟು ಹೋದರು. ವಾರವಿಡೀ ಅವಳು ಅವರ ನಡಿಗೆ, ಅವರ ಕೆಮ್ಮು, ಚೀಲ ಸುರಿದ ಠೀವಿ ಎಲ್ಲವನ್ನೂ ಓಣಿಗೆ ಅಣಕಿಸಿ ತೋರಿಸಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣಕಿಸುವುದರಲ್ಲಿ ಅವಳದು ಎತ್ತಿದ ಕೈ. ನಾಟಕದವರು ಕಂಡಿದ್ದರೆ ಬಿಡುತ್ತಿರಲಿಲ್ಲ. ಮಾಸ್ತರು ಮಾತ್ರ ಅಂದಿನಿಂದ ಬೇಕರಿಗೆ ಹೋಗಲು ಬೇರೆ ಓಣಿಯನ್ನು ಸುತ್ತಿ ಹೋಗತೊಡಗಿದರು. ಇಡೀ ಮನೆಯನ್ನು ಉಳಿಸಿದವಳು ತಾನು ಎಂಬ ಸಮಾಧಾನ ಅವಳಿಗೆ. ಉಳಿಸಿದ್ದೂ ನಿಜವೇ. ನಿಜವನ್ನು ಹೇಗೆ ಹೇಳಿದರೂ ನಡೆಯುತ್ತದೆ ಎಂದುಕೊಂಡಿರುವ ಜನರ ಸಾಲಿನಲ್ಲಿ ಅವಳಿಗೆ ಮೊದಲ ಕುರ್ಚಿ ಹಾಕಬೇಕಿತ್ತು.

ಅವಳ ಗಂಡ ಬೀದಿಯ ಮೂಲೆಯಲ್ಲಿ ಕೀ ಮಾಡುವವನು. ಬಾಗಿಲಿನಷ್ಟೇ ಅಗಲದ ಅಂಗಡಿ. ಗೋಡೆಯ ತುಂಬ ಮೊಳೆಗಳಿಗೆ ನೇತುಹಾಕಿದ ಕೀಗಳು, ಒಂದು ಸ್ಟೂಲು, ಕೀಯನ್ನು ಕಚ್ಚಿ ಹಿಡಿಯುವ ಒಂದು ಹಿಡಿಕಟ್ಟು, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿಟ್ಟ ಅರಗಳು. ಹಗಲೆಲ್ಲ ಹಿತ್ತಾಳೆ ಉಜ್ಜುತ್ತ ಅವನ ಬೆರಳ ಸಂದಿಗಳು ಹೊನ್ನಿನ ಬಣ್ಣಕ್ಕೆ ತಿರುಗಿದ್ದವು. ಮಾತು ಕಡಿಮೆ. ಕಳೆದುಹೋದ ಕೀಯ ಗುರುತು ಹೇಳುವವರ ಮಾತನ್ನು ತಾಳ್ಮೆಯಿಂದ ಕೇಳಿ ಕೇಳಿ, ಕೇಳುವುದೇ ಅವನ ಸ್ವಭಾವವಾಗಿಬಿಟ್ಟಿತ್ತು. ಅಂಥವನ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ತಾನು ಎಂದೂ ಸೋತ ನೆನಪಿರಲಿಲ್ಲ. ಎದುರಿಗೆ ಆಡುವವರೇ ಇಲ್ಲದ ಆಟದಲ್ಲಿ ಗೆದ್ದದ್ದನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿದ್ದಳು.

ಅವನ ಕಾಲು ಊದಿಕೊಳ್ಳತೊಡಗಿದಾಗ ಅವಳು ಮೊದಲು ಗೋಣಿಸೊಪ್ಪನ್ನೇ ಅರೆದು ಹಚ್ಚಿದಳು. ಊತ ಇಳಿಯಲಿಲ್ಲ. ಆಸ್ಪತ್ರೆಗೆ ಹೋದರು. ರಕ್ತದೊತ್ತಡ ಯಾವ ಕಾಲದಿಂದಲೋ ಏರಿ ಕೂತು, ಸದ್ದಿಲ್ಲದೆ ಎರಡೂ ಮೂತ್ರಪಿಂಡಗಳನ್ನು ತಿಂದಿತ್ತು. ಕಾಲುಭಾಗ ಮಾತ್ರ ಕೆಲಸ ಮಾಡುತ್ತಿದೆ ಎಂದರು ಡಾಕ್ಟರು.

"ಈ ಕಾಲುಭಾಗ ಕಾಪಾಡ್ಕೊಂಡ್ರೆ ಇನ್ನೂ ಏಳೆಂಟು ವರ್ಷ ಹೀಗೇ ಓಡಾಡ್ಕೊಂಡಿರಬಹುದು. ಇಲ್ಲಾಂದ್ರೆ ಡಯಾಲಿಸಿಸ್ಸೇ ಗತಿ. ಎಲ್ಲಾ ಊಟದ ಮೇಲೆ ನಿಂತಿದೆ."

ಊಟದ ಮೇಲೆ ನಿಂತಿದೆ ಎಂದು ಕೇಳಿದ್ದೇ ತಡ, ಅವಳಿಗೆ ಧೈರ್ಯ ಬಂತು. ಊಟ ಅಂದರೆ ತನ್ನ ಇಲಾಖೆ. ಮನಸ್ಸಿನೊಳಗೆ ಅಳುಕು ಇರಲಿಲ್ಲವೆಂದಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಚಪ್ಪಲಿಯ ಪಟ್ಟಿ ಸಡಿಲಿಸಿಕೊಂಡು ಕೂತಿದ್ದ ಗಂಡನ ಊದಿದ ಪಾದದಿಂದ ಅವಳಿಗೆ ಕಣ್ಣು ಕೀಳಲಾಗಿರಲಿಲ್ಲ. ಈ ಮನುಷ್ಯ ಇಲ್ಲದ ಮನೆ ಅವಳಿಗೆ ಬೇಡವಾಗಿತ್ತು. ಅವನನ್ನು ಉಳಿಸಿಕೊಂಡೇ ತೀರಬೇಕು ಎಂದು ಅಲ್ಲೇ ಹಟ ತೊಟ್ಟಳು. ಪ್ರೀತಿಯನ್ನು ಹಟದ ರೂಪದಲ್ಲಿ ಬಿಟ್ಟರೆ ಬೇರೆ ರೂಪದಲ್ಲಿ ಅವಳು ಕಂಡವಳಲ್ಲ.

ಪಥ್ಯ ಹೇಳುವ ಹುಡುಗಿಯ ಕೋಣೆಗೆ ಕಳಿಸಿದರು. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ. ಮೇಜಿನ ಮೇಲೆ ಮೇಣದ ಟೊಮೆಟೊ, ಮೇಣದ ಬಾಳೆಹಣ್ಣು. ಆ ಮೇಣದ ಹಣ್ಣು ಕಂಡ ಕೂಡಲೇ ನಮ್ಮ ಸೊಪ್ಪಿನ ಡಾಕ್ಟರಮ್ಮನ ತುಟಿ ಓರೆಯಾಯಿತು. ಹುಡುಗಿ ಅಚ್ಚಾದ ಹಾಳೆಯೊಂದನ್ನು ಮುಂದಿಟ್ಟು, ಉಪ್ಪು ಕಡಿಮೆ ಮಾಡಿ, ಇಂತಿಂಥ ಹಣ್ಣು ಬೇಡ, ಸೊಪ್ಪೂ ಆದಷ್ಟು ಬೇಡ ಎಂದು ಒಂದೊಂದೇ ಹೇಳುತ್ತ ಬಂದಳು.

"ತರಕಾರಿ ಯಾವುದೇ ಇರಲಿ ಅಮ್ಮ, ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಪೂರ್ತಿ ಚೆಲ್ಲಿಬಿಡಿ. ಯಾಕೇಂದ್ರೆ..."

ಯಾಕೆ ಎಂಬುದು ಹೊರಗೆ ಬರಲೇ ಇಲ್ಲ. ಡಾಕ್ಟರಮ್ಮ ನಕ್ಕುಬಿಟ್ಟಳು. ಬಾಯಿ ತುಂಬ, ಪಕ್ಕದ ಕೋಣೆಯವರು ಇಣುಕುವ ಹಾಗೆ.

"ನೀರು ಚೆಲ್ಲಬೇಕಂತೆ! ಸತ್ವ ಎಲ್ಲಾ ನೀರಲ್ಲೇ ಇರೋದು ಕಣಮ್ಮ. ನೀರು ಚೆಲ್ಲಿ ಚರಟ ತಿನ್ನಿಸು ಅಂತ ಯಾವ ಕಾಲೇಜಲ್ಲಿ ಹೇಳ್ಕೊಟ್ರು ನಿಂಗೆ? ಈ ಮೇಣದ ಬಾಳೆಹಣ್ಣು ಬೇಯಿಸೋದು ಹೆಂಗೆ ಅಂತಾನೂ ಹೇಳ್ಕೊಟ್ಟಿದಾರಾ?"

ಹುಡುಗಿಯ ಕಿವಿ ಕೆಂಪಾಯಿತು. ಹಾಳೆಯನ್ನು ಮಡಿಸಿ ಡಾಕ್ಟರಮ್ಮನ ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಅಂಗಿಯ ಜೇಬಿಗೆ ಇಳಿಸಿ, ನೆಲ ನೋಡುತ್ತ ಹೊರಗೆ ಬಂದ.

ಅವತ್ತಿನಿಂದ ಓಣಿಗೆ ಹೊಸ ನಾಟಕ ಸಿಕ್ಕಿತು. ‘ನೀರು ಚೆಲ್ಲಿಬಿಡಿ ಅಮ್ಮಾ’ ಎಂದು ಮೂಗಿನಲ್ಲಿ ಎಳೆದು, ಕನ್ನಡಕ ಸರಿಪಡಿಸಿಕೊಂಡಂತೆ ಮಾಡಿ, ಇಲ್ಲದ ಪೆನ್ನನ್ನು ತಿರುಗಿಸುತ್ತ ಅವಳು ಹೇಳಿದರೆ ಸಾಕು, ಎದುರಂಗಡಿಯ ದರ್ಜಿ ಹೊಲಿಗೆ ಮಷೀನು ನಿಲ್ಲಿಸಿ ನಗುತ್ತಿದ್ದ. ಗಂಡನೂ ತುಟಿಯಂಚಿನಲ್ಲಿ ನಗುತ್ತಿದ್ದ, ಅಥವಾ ಅವಳಿಗೆ ಹಾಗೆ ಕಂಡಿತು.

ಅಡುಗೆಮನೆಯಲ್ಲಿ ಅವಳು ಮಾಡಿಕೊಂಡ ಏರ್ಪಾಡು ನೋಡಿ. ಡಾಕ್ಟರ ಮಾತನ್ನು ಮೀರಬಾರದಲ್ಲ? ಹಾಗಾಗಿ ದಿನವೂ ನರ್ಸರಿಯಿಂದ ತಂದ ಗೋಣಿಸೊಪ್ಪನ್ನು ನಾಲ್ಕು ನೀರಲ್ಲಿ ತೊಳೆದು, ಸಣ್ಣಗೆ ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ನೀರನ್ನು ಪೂರ್ತಿ ಬಸಿಯುತ್ತಿದ್ದಳು. ಬಸಿದದ್ದು ಮೋರಿಗಲ್ಲ, ಸ್ಟೀಲಿನ ಜಗ್ಗಿಗೆ. ಸೊಪ್ಪನ್ನು ಹಾಳೆಯಲ್ಲಿ ಬರೆದಂತೆ ಉಪ್ಪಿಲ್ಲದೆ ತಟ್ಟೆಗೆ ಬಡಿಸುವುದು. ಜಗ್ಗಿನ ನೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಒಂದು ಕುದಿ ಬರಿಸಿ, ಒಂದು ಲೋಟ ಬೆಳಗ್ಗೆ, ಒಂದು ಲೋಟ ಸಂಜೆ, ಉಳಿದದ್ದನ್ನು ಫ್ಲಾಸ್ಕಿಗೆ ತುಂಬಿ ಅಂಗಡಿಗೆ. ಆಸ್ಪತ್ರೆಯ ಮಾತೂ ಉಳಿಯಿತು, ತನ್ನ ಮಾತೂ ಉಳಿಯಿತು ಎಂದು ಬೀಗಿದಳು. ಅರ್ಧ ವಿಧೇಯತೆ ಪೂರ್ತಿ ಅವಿಧೇಯತೆಗಿಂತ ಕೆಟ್ಟದ್ದು ಎಂಬುದು ಹೊಳೆಯುವಷ್ಟು ಬಿಡುವು ಅವಳ ತಲೆಗಿರಲಿಲ್ಲ; ಅದರ ತುಂಬ ಅವಳೇ ಇದ್ದಳು.

ಎರಡನೇ ತಿಂಗಳು ತಪಾಸಣೆಯ ದಿನ ನರ್ಸರಿಗೆ ಹೊಸ ಸಸಿಗಳ ಲಾರಿ ಬಂತು, ಅವಳಿಗೆ ರಜೆ ಸಿಗಲಿಲ್ಲ. ಅವನೊಬ್ಬನೇ ಹೋಗಿಬಂದ. ಸಂಜೆ ಲೋಟ ಮುಂದಿಟ್ಟಾಗ ಅದನ್ನು ನೋಡುತ್ತ ಕೂತ.

"ಈ ನೀರು ಬೇಡ ಅನ್ನಿಸ್ತದೆ ಕಣೇ" ಎಂದ ಮೆಲ್ಲಗೆ.

"ಯಾಕೆ? ಮೇಣದ ಬಾಳೆಹಣ್ಣು ಮತ್ತೆ ಪಾಠ ಹೇಳಿದ್ಲಾ?"

"ಹಾಗಲ್ಲ. ಸುಮ್ನೆ... ಬೇಡ ಅನ್ನಿಸ್ತದೆ."

ಅವಳಿಗೆ ಅಷ್ಟು ಸಾಕಾಯಿತು. ಕಿಟಕಿಯಿಂದ ಬಗ್ಗಿ, ಕೆಳಗೆ ಗುಂಡಿ ಹೊಲಿಯುತ್ತಿದ್ದ ದರ್ಜಿಯನ್ನು ಕೂಗಿದಳು. "ಕೇಳಿದ್ಯೇನಪ್ಪಾ! ನಮ್ಮ ಯಜಮಾನ್ರಿಗೂ ಕಾಲೇಜಿನ ಗಾಳಿ ಬಡಿದಿದೆ. ‘ಬೇಡ ಅನ್ನಿಸ್ತದೆ ಕಣೇ, ಬೇಡ ಅನ್ನಿಸ್ತದೆ’" ಎಂದು ಭುಜ ಕುಗ್ಗಿಸಿ, ಕತ್ತು ಒಂದು ಕಡೆ ವಾಲಿಸಿ, ಬಾಯಲ್ಲೇ ಮಾತು ನುಂಗುವ ಅವನ ದನಿಯನ್ನು ಥೇಟ್ ಹಾಗೇ ತೆಗೆದಳು. ದರ್ಜಿ ನಕ್ಕ. ನಕ್ಕ ಮೇಲೆ ಯಾಕೋ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದ. ಅವಳು ತಿರುಗಿ ನೋಡುವಷ್ಟರಲ್ಲಿ ಲೋಟ ಖಾಲಿಯಾಗಿತ್ತು.

"ಹಾಗೆ ಬನ್ನಿ ದಾರಿಗೆ" ಎಂದಳು.

ಆಮೇಲೆ ಅವನು ನೀರಿನ ಮಾತೆತ್ತಲಿಲ್ಲ. ಕೊಟ್ಟದ್ದನ್ನು ಕುಡಿದ. ಅವಳು ಅದನ್ನು ತನ್ನ ಗೆಲುವುಗಳ ಪಟ್ಟಿಗೆ ಸೇರಿಸಿದಳು.

ಆರು ವಾರ ಕಳೆದಿರಬೇಕು. ಮಧ್ಯಾಹ್ನ ಅವಳು ಬೇಲಿಗಿಡಗಳ ಸಾಲಿನಲ್ಲಿದ್ದಾಗ ದರ್ಜಿ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಓಡಿಬಂದ. ಅಂಗಡಿಯಲ್ಲಿ ಅವಳ ಗಂಡನ ಕೈಯಿಂದ ಅರ ಜಾರಿ ಬಿತ್ತಂತೆ, ಎತ್ತಿಕೊಳ್ಳಲು ಬಗ್ಗಿದವನಿಗೆ ಏಳಲಾಗಲಿಲ್ಲವಂತೆ. ಅವಳು ಮಣ್ಣಿನ ಕೈಯಲ್ಲೇ ಓಡಿದಳು. ಗಂಡ ಅಂಗಡಿಯ ನೆಲದ ಮೇಲೆ, ಬಿದ್ದ ಕೀಗಳ ನಡುವೆ, ಗೋಡೆಗೊರಗಿ ಕೂತಿದ್ದ. ಕಾಲು ತನ್ನದಲ್ಲವೆಂಬಂತೆ ಚಾಚಿದ್ದ. ಮುಖ ಬಿಳಚಿತ್ತು.

"ನಿಶ್ಶಕ್ತಿ" ಎಂದು ತೀರ್ಪು ಕೊಟ್ಟಳು. "ಉಪ್ಪಿಲ್ಲ, ಹಣ್ಣಿಲ್ಲ, ಎಲ್ಲಿಂದ ಬರಬೇಕು ಶಕ್ತಿ! ಆ ಹಾಳೆ ಬರೆದವಳನ್ನ ಕರೆದು ತೋರಿಸ್ಬೇಕು."

ಫ್ಲಾಸ್ಕು ಬಿಚ್ಚಿ, ಮುಚ್ಚಳಕ್ಕೆ ಬಗ್ಗಿಸಿಕೊಂಡು, ಅವನ ತಲೆಯನ್ನು ತನ್ನ ತೋಳಿಗೆ ಒರಗಿಸಿಕೊಂಡು ಕುಡಿಸಿದಳು. ಅವನು ಅವಳ ಮುಖವನ್ನೇ ನೋಡುತ್ತ ಒಂದು ಗುಟುಕು ನುಂಗಿದ, ಇನ್ನೊಂದು ನುಂಗಿದ. ಮುಚ್ಚಳ ಖಾಲಿಯಾದ ಮೇಲೆ ಆಟೋ ಹಿಡಿದರು.

ಆಸ್ಪತ್ರೆಯಲ್ಲಿ ಅವನ ಎದೆಗೆ ತಂತಿಗಳನ್ನು ಅಂಟಿಸಿದ ಡಾಕ್ಟರು ಪರದೆಯನ್ನು ನೋಡಿ ದನಿಯೆತ್ತಿ ನರ್ಸನ್ನು ಕರೆದರು. ಎಲ್ಲರೂ ಓಡಾಡತೊಡಗಿದರು. ಕತ್ತಿನಲ್ಲಿ ಕೊಳವೆ ಇಳಿಸಿ ಡಯಾಲಿಸಿಸ್ ಕೋಣೆಗೆ ತಳ್ಳಿಕೊಂಡು ಹೋದರು. ಬಾಗಿಲ ಹೊರಗೆ ನಿಂತವಳ ಹತ್ತಿರ ಪಥ್ಯದ ಹುಡುಗಿ ಬಂದಳು. ರಕ್ತದಲ್ಲಿ ಪೊಟ್ಯಾಸಿಯಂ ಎಂಬುದು ಮಿತಿಮೀರಿ ಏರಿ ಹೃದಯ ನಿಲ್ಲುವುದರಲ್ಲಿತ್ತು ಎಂದಳು. ಇವತ್ತು ಏನು ತಿಂದರು, ಏನು ಕುಡಿದರು ಎಂದು ಕೇಳಿದಳು.

ಡಾಕ್ಟರಮ್ಮ ಒಂದನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಾದರೂ ಇದೆಯೆಂದು ಅವಳಿಗೆ ಆಗಲೂ ಅನ್ನಿಸಿರಲಿಲ್ಲ. ಸೊಪ್ಪಿನ ಹೆಸರು, ಬೇಯಿಸುವ ಬಗೆ, ಜಗ್ಗು, ಬೆಳ್ಳುಳ್ಳಿ, ಲೋಟಗಳ ಸಂಖ್ಯೆ ಎಲ್ಲ ಹೇಳಿ, "ಸತ್ವ ಎಲ್ಲಾ ನೀರಲ್ಲೇ ಇರ್ತದೆ ಅಂತ ಅವತ್ತೇ ಹೇಳಿದ್ನಲ್ಲಮ್ಮ" ಎಂದಳು.

ಹುಡುಗಿ ನಗಲಿಲ್ಲ. ನಕ್ಕಿದ್ದರೆ ಡಾಕ್ಟರಮ್ಮನಿಗೆ ಸುಲಭವಾಗುತ್ತಿತ್ತು.

"ಹೌದಮ್ಮ, ನೀರಲ್ಲೇ ಇರುತ್ತೆ. ನೀವು ಹೇಳಿದ್ದು ಸರಿ. ಅದಕ್ಕೇ ಚೆಲ್ಲಿ ಅಂದಿದ್ದು. ನಮಗೆ ನಿಮಗೆ ಅದು ಸತ್ವ, ಅವರ ಕಿಡ್ನಿಗೆ ಅದನ್ನ ಹೊರಗೆ ಹಾಕೋ ಶಕ್ತಿ ಇಲ್ಲ. ಒಳಗೇ ಸೇರ್ಕೊಂಡು ವಿಷ ಆಗುತ್ತೆ. ಅದ್ರಲ್ಲೂ ಈ ಸೊಪ್ಪಂತೂ ಅವರಿಗೆ ಬೇಡವೇ ಬೇಡ, ನೀರೂ ಬೇಡ, ಎಲೆನೂ ಬೇಡ." ಸ್ವಲ್ಪ ತಡೆದು ಕೇಳಿದಳು: "ಹೋದ ತಿಂಗಳು ಅವರೊಬ್ಬರೇ ಬಂದಾಗ ಇದನ್ನೆಲ್ಲ ಕೂರಿಸಿಕೊಂಡು ಹೇಳಿದ್ದೆ. ನಿಮಗೆ ಹೇಳಲಿಲ್ವಾ ಅವರು?"

ಗಿಡಮೂಲಿಕೆಯ ಹೆಸರು ಹೇಳಿಕೊಂಡು ಊರನ್ನೆಲ್ಲ ದಡ್ಡರ ಪಟ್ಟಿಗೆ ಸೇರಿಸುತ್ತ ಬಂದವಳು, ಒಬ್ಬ ಮನುಷ್ಯನಿಗೆ ದಿನಕ್ಕೆ ಮೂರು ಹೊತ್ತು ಅಳತೆ ಮಾಡಿ ವಿಷ ಕೊಟ್ಟಿದ್ದಳು. ಅದೂ ತಾನು ಉಳಿಸಿಕೊಳ್ಳಬೇಕೆಂದಿದ್ದ ಒಬ್ಬನೇ ಮನುಷ್ಯನಿಗೆ. ಬೆಂಚಿನ ಮೇಲೆ ಕುಸಿದು ಕೂತಳು. ಉಗುರಿನ ಸಂದಿಯ ಮಣ್ಣು ಇನ್ನೂ ಒದ್ದೆಯಾಗಿತ್ತು.

ಅವನು ಬದುಕಿದ. ಆದರೆ ಉಳಿದಿದ್ದ ಕಾಲುಭಾಗ ಹೋಯಿತು. ಇನ್ನು ಮೇಲೆ ವಾರಕ್ಕೆ ಎರಡು ದಿನ ಈ ಯಂತ್ರದ ಪಕ್ಕ ಮಲಗಬೇಕು, ಇದ್ದಷ್ಟು ಕಾಲ, ಎಂದರು ಡಾಕ್ಟರು.

ಮೂರನೆಯ ದಿನ ಬೆಳಗ್ಗೆ ಅವನು ದಿಂಬಿಗೊರಗಿ ಕೂರುವಷ್ಟು ಆಗಿದ್ದ. ವಾರ್ಡಿನಲ್ಲಿ ಎಂಟು ಮಂಚ. ಪಕ್ಕದ ಮಂಚದ ರೋಗಿಯ ಅಣ್ಣನೊಬ್ಬ ಕಿತ್ತಳೆ ಸುಲಿಯುತ್ತಿದ್ದ. ಅವಳು ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. ಎರಡು ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿದಳು.

"ನಿಮಗೆ ಗೊತ್ತಿತ್ತಂತೆ?"

"ಹ್ಞೂಂ."

"ಆ ನೀರು ಕುಡಿದ್ರೆ ಏನಾಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಆ ಹುಡುಗಿ ಬಿಡಿಸಿ ಹೇಳಿದ್ಲು."

"ಗೊತ್ತಿದ್ದೂ ಗೊತ್ತಿದ್ದೂ ಯಾಕ್ರೀ ಕುಡಿದ್ರಿ?"

ಅವನು ಹೊದಿಕೆಯ ಅಂಚನ್ನು ಮಡಿಸಿದ, ಬಿಚ್ಚಿದ. "ಒಂದ್ಸಲ ಬೇಡ ಅಂದೆನಲ್ಲ. ನೀನು ದರ್ಜಿನ ಕರೆದು ನನ್ನ ಹಾಗೇ ಆಡಿ ತೋರಿಸ್ದೆ. ಅವನೂ ನಕ್ಕ. ಮಾರನೇ ದಿನ ಅಂಗಡಿ ಬಾಗಿಲು ತೆಗೆಯೋಕೇ ಕಾಲು ಬರ್ಲಿಲ್ಲ ನಂಗೆ. ಇನ್ನೊಂದ್ಸಲ ಬೇಡ ಅಂದ್ರೆ ಇನ್ನೂ ನಾಲ್ಕು ಜನರ ಮುಂದೆ ಆಡಿ ತೋರಿಸ್ತೀಯ. ಅದಕ್ಕಿಂತ ಕುಡಿಯೋದೇ ವಾಸಿ ಅನ್ನಿಸ್ತು."

"ಅಷ್ಟಕ್ಕೇ ಯಾರಾದ್ರೂ ಸಾಯೋಕೆ ಹೊರಡ್ತಾರೇನ್ರೀ? ಎಂಥಾ ಪುಕ್ಕಲು ನೀವು! ‘ಕುಡಿಯೋದೇ ವಾಸಿ ಅನ್ನಿಸ್ತು’ ಅಂತೆ!"

ಅವಳು ಬೇಕೆಂದು ಆಡಿದ ಮಾತಲ್ಲ. ಭುಜ ತಾನಾಗಿಯೇ ಕುಗ್ಗಿತು, ಕತ್ತು ತಾನಾಗಿಯೇ ವಾಲಿತು, ಅವನ ದನಿ ತಾನಾಗಿಯೇ ಅವಳ ಗಂಟಲಿಂದ ಬಂದುಬಿಟ್ಟಿತು. ಪಕ್ಕದ ಮಂಚದ ಅಣ್ಣ ಕಿತ್ತಳೆ ಹಿಡಿದುಕೊಂಡೇ ಕಿಸಕ್ಕನೆ ನಕ್ಕ.

ಗಂಡ ಕತ್ತಿನ ಕೊಳವೆ ಎಳೆಯದಂತೆ ಹುಷಾರಾಗಿ, ಸ್ವಲ್ಪ ಸ್ವಲ್ಪವೇ ಹೊರಳಿ, ಗೋಡೆಯ ಕಡೆ ಮುಖ ಮಾಡಿದ.

ಅವಳು ಆ ಬೆನ್ನನ್ನೇ ನೋಡಿದಳು. ಅಳು ಬಂತು, ಅತ್ತಳು. ಅಳುವುದು ಅಭ್ಯಾಸವಿಲ್ಲದ್ದರಿಂದ ಅದೂ ಕೆಮ್ಮಿದ ಹಾಗೆ ಕೇಳಿಸಿತು. ಕೊನೆಗೆ ಅವನ ಹೆಗಲ ಮೇಲೆ ಕೈಯಿಟ್ಟಳು. ಕೈಯ ಕೆಳಗೆ ಹೆಗಲು ಬಿಗಿಯಾಯಿತು.

"ಇನ್ಮೇಲೆ ನಿಮ್ಮನ್ನ ಹಾಗೆ ಅಣಕಿಸಲ್ಲ ಕಣ್ರೀ."

"ಆಯ್ತು" ಎಂದ.

ಅವಳು ಏನು ಹೇಳಿದರೂ ಅವನು ಹೇಳುತ್ತಿದ್ದದ್ದು ಅದೊಂದೇ ಮಾತು. ಮೂವತ್ತೊಂದು ವರ್ಷ ಅವಳು ಅದನ್ನು ಒಪ್ಪಿಗೆ ಎಂದುಕೊಂಡಿದ್ದಳು. ಅದು ಎಂದೂ ಒಪ್ಪಿಗೆಯಾಗಿರಲಿಲ್ಲ, ಹೆದರಿಕೆಯಾಗಿತ್ತು, ಇವತ್ತೂ ಅದೇ.

"ನಿಜವಾಗ್ಲೂರೀ. ನಂಬಿ."

"ಆಯ್ತು ಅಂದೆನಲ್ಲ" ಎಂದ ಅವನು, ಗೋಡೆಯ ಕಡೆಗೇ ತಿರುಗಿಕೊಂಡು.